ಕಡಲಾಚೆಯ ಸಂಸಾರಕ್ಕೂ ಒಂದು ಮಳೆಗಾಲ ಬೇಕು

ಉತ್ತರ ಕನ್ನಡ ಜಿಲ್ಲೆಯ ಕುಮಟೆ, ಹೊನ್ನಾವರ, ಭಟ್ಕಳ ತಾಲೂಕುಗಳಲ್ಲಿ ಸಂಚರಿಸುವವರಿಗೆ ಒಂದು ಮಾತು ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ. ಜಗಲಿಯ ಮೇಲೆ ಕುಳಿತ ಹಿರಿಯರನ್ನು ಮಾತನಾಡಿಸಿ ಮಕ್ಕಳ ಯೋಗಕ್ಷೇಮ ಕೇಳಿದರೆ, ಅವರು ಪಡುವಣದ ಕಡೆಗೆ ಕೈ ತೋರಿಸಿ, "ಮಗ ದುಬಾಯಿಯಲ್ಲಿದ್ದಾನೆ", "ಮಗಳು ಮಸ್ಕತ್ತಿನಲ್ಲಿದ್ದಾಳೆ", "ಗಂಡ ಹೆಂಡಿರಿಬ್ಬರೂ ಕುವೈತಿನಲ್ಲಿ ಕೆಲಸಕ್ಕಿದ್ದಾರೆ" ಎನ್ನುತ್ತಾರೆ. ಸಂಬಳ ಒಳ್ಳೆಯದು, ಮನೆ ಅನುಕೂಲವಾಗಿದೆ, ಮಕ್ಕಳು ಒಳ್ಳೆಯ ಶಾಲೆಗೆ ಹೋಗುತ್ತಿದ್ದಾರೆ ಎಂಬುದನ್ನೆಲ್ಲ ಅಭಿಮಾನದಿಂದ ಹೇಳಿದ ಮೇಲೆ ಸ್ವರವನ್ನು ತಗ್ಗಿಸಿ ಒಂದು ಮಾತು ಸೇರಿಸುತ್ತಾರೆ: "ಎಲ್ಲವೂ ಇದೆ, ಪುರುಸೊತ್ತು ಒಂದಿಲ್ಲ."

ಈ ಪುರುಸೊತ್ತಿಲ್ಲದ ಸಂಸಾರವೇ ಪ್ರಸ್ತುತ ಲೇಖನದ ವಿಷಯ. ಪರದೇಶದಲ್ಲಿ ಮನೆ ಹೂಡಿದ ದಂಪತಿಗಳ ಬಾಳಿನಲ್ಲಿ ಮೂರು ಹಕ್ಕುದಾರರಿದ್ದಾರೆ. ಮೊದಲನೆಯದು ಅನ್ನ ಕೊಡುವ ಕೆಲಸ; ಎರಡನೆಯದು ತಮ್ಮವರೆನಿಸಿಕೊಂಡ ಜನ; ಮೂರನೆಯದು ವಿಶ್ರಾಂತಿ. ಮೊದಲಿನ ಇಬ್ಬರು ಬಾಗಿಲಿಗೆ ಬಂದು ಗಟ್ಟಿಯಾಗಿ ಕೇಳುತ್ತಾರೆ. ಮೂರನೆಯದಕ್ಕೆ ಬಾಯಿಲ್ಲ. ಅದು ತನ್ನ ಪಾಲು ಸಿಕ್ಕದಿದ್ದರೆ ಹಲವು ವರ್ಷ ಸುಮ್ಮನಿದ್ದು, ಕಡೆಗೊಂದು ದಿನ ರಕ್ತದೊತ್ತಡವಾಗಿಯೋ ಗಂಡ ಹೆಂಡಿರ ನಡುವಣ ಮೌನವಾಗಿಯೋ ತನ್ನ ಬಾಕಿಯನ್ನು ವಸೂಲು ಮಾಡುತ್ತದೆ.

ಬಂದರು ಮುಚ್ಚುವ ನಾಡು

ಈ ಕರಾವಳಿಯ ಜನಕ್ಕೆ ಬಿಡುವೆಂಬುದನ್ನು ಕಲಿಸಿದ್ದು ಮಳೆಗಾಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆಯಿದು. ಜೂನ್ ತಿಂಗಳು ಬಂತೆಂದರೆ ಕಡಲು ಕೆರಳುತ್ತದೆ, ದೋಣಿಗಳು ದಡವೇರುತ್ತವೆ. ಕರಾವಳಿಯ ಹಡಗುಗಳೇ ಜನರನ್ನು ಮುಂಬಯಿಗೆ ಒಯ್ಯುತ್ತಿದ್ದ ಕಾಲದಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಆ ಸಂಚಾರವೂ ನಿಲ್ಲುತ್ತಿತ್ತು. ಇಂದು ಸರ್ಕಾರವೇ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಮೀನು ಹಿಡಿಯುವುದನ್ನು ನಿಷೇಧಿಸುತ್ತದೆ. ಮೀನು ಮೊಟ್ಟೆಯಿಟ್ಟು ಮರಿಗಳು ಬೆಳೆಯಲೆಂಬುದು ಇದರ ಉದ್ದೇಶ. ಆ ದಿನಗಳಲ್ಲಿ ಬಲೆಗಳು ದುರಸ್ತಿಯಾಗುತ್ತವೆ. ಮುಂದೆ ಶ್ರಾವಣದ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮೀನುಗಾರರು ಮತ್ತೆ ತಮ್ಮ ವೃತ್ತಿಗೆ ಇಳಿಯುತ್ತಾರೆ.

ಕುಮಟೆಯ ಬಳಿ ಅಘನಾಶಿನಿ ನದಿಯ ಅಳಿವೆಯಲ್ಲಿರುವ ಗಜನಿ ಭೂಮಿಯದೂ ಇಂಥದೇ ಕ್ರಮ. ಮಳೆಯ ಸಿಹಿನೀರು ಉಪ್ಪನ್ನು ತೊಳೆದ ತಿಂಗಳುಗಳಲ್ಲಿ ಅಲ್ಲಿ 'ಕಗ್ಗ' ಎಂಬ ಉಪ್ಪುನೀರನ್ನು ತಾಳುವ ಬತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಭರತದ ನೀರನ್ನು ಒಳಗೆ ಬಿಟ್ಟುಕೊಂಡರೆ ಅದೇ ಗದ್ದೆ ಮೀನು ಸಿಗಡಿಗಳ ಮನೆಯಾಗುತ್ತದೆ. ಮಾಣಿಕಟ್ಟೆಯ ರೈತರು ಕಗ್ಗದ ಬೇಸಾಯವನ್ನು ಬಿಡದೆ ಉಳಿಸಿಕೊಂಡು ಬಂದಿದ್ದಾರೆ. ಒಂದೇ ನೆಲ, ಎರಡು ಪಾಲುದಾರರು. ಆದರೆ ಒಬ್ಬರ ಕಾಲದಲ್ಲಿ ಇನ್ನೊಬ್ಬರು ಕಾಲಿಡುವುದಿಲ್ಲ.

ಮಳೆಗಾಲವೆಂದರೆ ಎಲ್ಲರಿಗೂ ಸುಖದ ಕಾಲವಾಗಿತ್ತೆಂದು ಇದರ ಅರ್ಥವಲ್ಲ. ನಾಟಿಯ ದಿನಗಳಲ್ಲಿ ರೈತನ ಮನೆಯ ಹೆಂಗಸರಿಗೆ ಬೆನ್ನು ನೆಟ್ಟಗೆ ಮಾಡಲು ಬಿಡುವಿರುತ್ತಿರಲಿಲ್ಲ. ಬಡವರ ಮನೆಯಲ್ಲಿ ಅದು ಹಸಿವಿನ ಕಾಲವೂ ಆಗಿತ್ತು. ಆದಾಗ್ಯೂ ಅದರಲ್ಲೊಂದು ನೆಮ್ಮದಿಯಿತ್ತು. ಬಂದರು ಮುಚ್ಚಿದಾಗ ಎಲ್ಲರ ಪಾಲಿಗೂ ಮುಚ್ಚುತ್ತಿತ್ತು. ದೋಣಿ ಇಳಿಸದವನನ್ನು ಯಾರೂ ಸೋಮಾರಿ ಎನ್ನುತ್ತಿರಲಿಲ್ಲ; ಅವನ ಬಿಡುವಿಗೆ ಅವನು ಯಾರ ಕ್ಷಮೆಯನ್ನೂ ಕೇಳಬೇಕಾಗಿರಲಿಲ್ಲ. ಪರದೇಶದ ನಗರಗಳಲ್ಲಿ ಬಂದರು ಮುಚ್ಚುವವರು ಯಾರೂ ಇಲ್ಲ. ಅಲ್ಲಿ ಬಿಡುವು ಬೇಕೆಂದರೆ ಅದನ್ನು ಕೇಳಬೇಕು, ಕೇಳಲು ನಾಚಬಾರದು. ಊರಿನಿಂದ ಹೊರಟವರು ಈ ವಿದ್ಯೆಯನ್ನು ಜೊತೆಗೆ ಕಟ್ಟಿಕೊಂಡು ಹೋಗಿರುವುದಿಲ್ಲ.

ಮೊದಲು ಹೊರಟವರು

ಊರು ಬಿಟ್ಟು ದುಡಿಯುವುದು ಈ ಸೀಮೆಗೆ ಹೊಸತಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಸಾಗುತ್ತಿತ್ತು. ಪೇಟೆಯಲ್ಲಿ ಆ ಹತ್ತಿಗೆ 'ಕುಮಟಾ' ಎಂಬ ಹೆಸರೇ ನಿಂತಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತವನ್ನು ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಹತ್ತಿಯ ದಾರಿಯಲ್ಲಿ ಜನರೂ ಹೋದರು. ಗುಮಾಸ್ತರಾದರು, ಅಧ್ಯಾಪಕರಾದರು, ಹೋಟೆಲು ತೆರೆದರು.

ಹೀಗೆ ಹೋದ ಸಾರಸ್ವತ ಕುಟುಂಬಗಳು ಮಾಡಿಕೊಂಡ ಒಂದು ಏರ್ಪಾಟು ಇಂದಿಗೂ ಗಮನಾರ್ಹವಾದುದು. ಭಟ್ಕಳ ತಾಲೂಕಿನ ಶಿರಾಲಿಯಲ್ಲಿರುವ ಚಿತ್ರಾಪುರ ಮಠದ ಶಿಷ್ಯವರ್ಗದವರು 1911ರಲ್ಲಿ ಮುಂಬಯಿಯಲ್ಲಿ ಕೆನರಾ ಸಾರಸ್ವತ ಅಸೋಸಿಯೇಷನ್ ಸ್ಥಾಪಿಸಿದರು; 1915ರಲ್ಲಿ ಗಾಮದೇವಿಯಲ್ಲಿ ಸಹಕಾರಿ ತತ್ತ್ವದ ಮೇಲೆ ವಸತಿ ಸಂಘವನ್ನು ಕಟ್ಟಿದರು. ಒಂದೇ ಆವರಣದಲ್ಲಿ ನೆಂಟರು ಇಷ್ಟರು ನೆಲೆಸಿದ್ದರಿಂದ ಬಾಣಂತಿಗೆ ಬಿಸಿನೀರು ಕಾಯಿಸಲು, ಜ್ವರ ಬಂದ ಮಗುವನ್ನು ನೋಡಿಕೊಳ್ಳಲು ಪಕ್ಕದ ಬಾಗಿಲು ತಟ್ಟಿದರೆ ಸಾಕಾಗಿತ್ತು. ಅಲ್ಲಿ ಸಮಾಜವೆಂಬುದು ವಿಶ್ರಾಂತಿಯನ್ನು ಕಸಿದುಕೊಳ್ಳದೆ, ಅದನ್ನು ಒದಗಿಸಿಕೊಡುತ್ತಿತ್ತು.

ವಾರದ ರಜೆಯೂ ತಾನಾಗಿ ಬಂದದ್ದಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಬಳಿಕ 1890ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರಿಗೆ ಭಾನುವಾರದ ಬಿಡುವು ದೊರೆಯಿತು. ನಾವು ಪಂಚಾಂಗದಲ್ಲಿ ಕೆಂಪು ಅಕ್ಷರದಲ್ಲಿ ಕಾಣುವ ದಿನದ ಹಿಂದೆ ಇಂಥ ಬೇಡಿಕೆಗಳ ಚರಿತ್ರೆಯಿದೆ.

ಭಟ್ಕಳದ ನವಾಯತರದು ಇನ್ನೊಂದು ದಾರಿ. ವ್ಯಾಪಾರಕ್ಕಾಗಿ ಕಲಕತ್ತ, ಮದ್ರಾಸು, ಕೊಲಂಬೊಗಳಿಗೆ ಹೋಗುತ್ತಿದ್ದ ಈ ಸಮಾಜದವರು ತೈಲದ ಬೆಲೆ ಏರಿದ 1973ರ ಅನಂತರ ಕೊಲ್ಲಿ ರಾಷ್ಟ್ರಗಳತ್ತ ದೊಡ್ಡ ಸಂಖ್ಯೆಯಲ್ಲಿ ತಿರುಗಿದರು. 1912ರಲ್ಲಿ ಹುಟ್ಟಿದ ಮಜ್ಲಿಸೆ ಇಸ್ಲಾಹ್ ವ ತಂಜೀಮ್, 1919ರಲ್ಲಿ ಆರಂಭವಾದ ಅಂಜುಮನ್ ವಿದ್ಯಾಸಂಸ್ಥೆ ಇವೆರಡೂ ಭಟ್ಕಳದಲ್ಲಿ ಬೇರೂರಿವೆ. ಹೊರಗೆ ದುಡಿಯುವವರ ನೆರವು ಇಂಥ ಸಂಸ್ಥೆಗಳಿಗೆ ಇಂದಿಗೂ ಹರಿದುಬರುತ್ತದೆ. ಗಂಡ ಕಡಲಾಚೆ, ಹೆಂಡತಿ ಈಚೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಭೇಟಿ. ಹಲವಾರು ಮನೆಗಳಲ್ಲಿ ಸಂಸಾರವೆಂದರೆ ಇಷ್ಟೇ ಆಗಿತ್ತು. ಇಬ್ಬರೂ ಕೂಡಿ ಅಲ್ಲಿ ನೆಲೆಸುವುದು ಸಾಮಾನ್ಯವಾದದ್ದು ಈಚಿನ ಪೀಳಿಗೆಯಲ್ಲಿ.

ಅದೂ ಎಲ್ಲರಿಗೂ ದಕ್ಕುವ ಭಾಗ್ಯವಲ್ಲ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ತಿಂಗಳಿಗೆ ನಾಲ್ಕು ಸಾವಿರ ದಿರ್ಹಮ್ ಸಂಬಳವಿರಬೇಕು, ಇಲ್ಲವೇ ಮೂರು ಸಾವಿರದ ಜೊತೆಗೆ ವಸತಿಯ ಅನುಕೂಲವಿರಬೇಕು ಎಂಬ ನಿಯಮವನ್ನು 2019ರಲ್ಲಿ ತಂದರು. ಆ ಮಟ್ಟ ಮುಟ್ಟದ ಕಟ್ಟಡ ಕೆಲಸಗಾರನು ಶಿಬಿರದ ಕೋಣೆಯಲ್ಲಿ ಹಲವರೊಡನೆ ಮಲಗುತ್ತಾನೆ. ಅವನ ಸಂಸಾರ ಫೋನಿನ ಪರದೆಯಲ್ಲಿದೆ. ದಂಪತಿಗಳ ಸಮಸ್ಯೆಗಳನ್ನು ಚರ್ಚಿಸುವಾಗ ಅವನನ್ನು ಮರೆಯುವುದು ಧರ್ಮವಲ್ಲ.

ಎರಡು ಗಡಿಯಾರಗಳ ಮನೆ

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕುಮಟೆಯ ಯುವಕನೊಬ್ಬ ದುಬಾಯಿಯ ವ್ಯಾಪಾರೀ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಅವನ ಹೆಂಡತಿ, ಹೊನ್ನಾವರದ ಹುಡುಗಿ, ಆಸ್ಪತ್ರೆಯೊಂದರಲ್ಲಿ ದಾದಿ. ಬಾಡಿಗೆ ದುಬಾರಿಯಾದ ಕಾರಣ ಮನೆ ಶಾರ್ಜಾದಲ್ಲಿದೆ. ನಕ್ಷೆಯಲ್ಲಿ ಬೆರಳಿನಷ್ಟು ದೂರದ ಈ ಎರಡು ಊರುಗಳ ನಡುವೆ ವಾಹನಗಳ ಸಾಲಿನಲ್ಲಿ ಬೆಳಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಆಯುಷ್ಯ ಕಳೆಯುತ್ತದೆ. ಗಂಡನ ರಜೆ ಭಾನುವಾರ. ಹೆಂಡತಿಯ ಪಾಳಿ ವಾರವಾರವೂ ಬದಲಾಗುತ್ತದೆ. ಅವಳು ರಾತ್ರಿಯ ಪಾಳಿ ಮುಗಿಸಿ ಬಂದಾಗ ಅವನು ಬೂಟಿನ ದಾರ ಕಟ್ಟುತ್ತಿರುತ್ತಾನೆ. ಒಂದೇ ಸೂರಿನಡಿ ಇದ್ದೂ ಇಬ್ಬರೂ ಎಚ್ಚರವಾಗಿ, ಆಯಾಸವಿಲ್ಲದೆ, ಎದುರೆದುರು ಕುಳಿತುಕೊಳ್ಳುವ ಗಳಿಗೆಗಳು ಹದಿನೈದು ದಿನಕ್ಕೊಮ್ಮೆ ದೊರೆತರೆ ಪುಣ್ಯ.

ಇದಕ್ಕೆಲ್ಲ ಅಲ್ಲಿಯ ಕಾಯಿದೆಯೇ ಕಾರಣವೆನ್ನುವಂತಿಲ್ಲ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಆ ದೇಶದ ಕಾರ್ಮಿಕ ಕಾನೂನು ಖಾಸಗಿ ಸಂಸ್ಥೆಗಳಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಹಾಕಿದೆ. ವಾರಕ್ಕೆ ಒಂದು ದಿನವಾದರೂ ರಜೆ, ವರ್ಷ ತುಂಬಿದವರಿಗೆ 30 ದಿನಗಳ ಸಂಬಳ ಸಹಿತ ರಜೆ ಕೊಡಬೇಕೆಂದಿದೆ. ಮಗು ಹುಟ್ಟಿದಾಗ ತಾಯಿಗೆ 60 ದಿನಗಳ ಹೆರಿಗೆ ರಜೆಯಲ್ಲದೆ, ತಂದೆ ತಾಯಿಯರಿಬ್ಬರಿಗೂ ಐದೈದು ದಿನಗಳ ಪಾಲನೆಯ ರಜೆಯುಂಟು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಕೂಡದು. ಸರ್ಕಾರಿ ಕಚೇರಿಗಳ ವಾರದ ರಜೆಯೇ 2022ರ ಜನವರಿಯಿಂದ ಬದಲಾಗಿ, ಶುಕ್ರವಾರ ಅರ್ಧ ದಿನ, ಶನಿವಾರ ಭಾನುವಾರ ಪೂರ್ತಿ ಬಿಡುವು ಎಂದಾಯಿತು.

ಆದರೆ ಕಾಗದದ ಮೇಲಿನ ಬಿಡುವನ್ನು ಮನಸ್ಸು ಒಪ್ಪಬೇಕಷ್ಟೆ! ಕೊಲ್ಲಿಯಲ್ಲಿ ವಾಸದ ಪರವಾನಗಿ ಸಾಮಾನ್ಯವಾಗಿ ಉದ್ಯೋಗಕ್ಕೆ ಗಂಟು ಹಾಕಿಕೊಂಡಿರುತ್ತದೆ. ಕೆಲಸ ಹೋದರೆ ಗೊತ್ತುಪಡಿಸಿದ ಅವಧಿಯೊಳಗೆ ಬೇರೆ ದಾರಿ ನೋಡಿಕೊಳ್ಳಬೇಕು, ಇಲ್ಲವೇ ಊರಿಗೆ ಹೊರಡಬೇಕು. ಹೀಗಿರುವಾಗ ಮೇಲಧಿಕಾರಿ ರಜೆಯ ದಿನ ಸಂದೇಶ ಕಳಿಸಿದರೆ ಉತ್ತರಿಸದೆ ಇರುವ ಧೈರ್ಯ ಎಷ್ಟು ಜನಕ್ಕಿದ್ದೀತು? ಊರಿನಲ್ಲಿ ಅಡಿಪಾಯ ಹಾಕಿದ ಮನೆ, ತಂಗಿಯ ಮದುವೆ, ಬ್ಯಾಂಕಿನ ಕಂತು ಇವೆಲ್ಲ ಬೆನ್ನ ಹಿಂದೆ ನಿಂತು, "ಇನ್ನೆರಡು ತಾಸು ದುಡಿ" ಎನ್ನುತ್ತವೆ.

ಈ ಎರಡು ತಾಸುಗಳ ಬೆಲೆ ಎಷ್ಟೆಂಬುದನ್ನೂ ಅರಿತಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ, 35ರಿಂದ 40 ಗಂಟೆ ದುಡಿಯುವವರಿಗಿಂತ ಅಂದಾಜು ಶೇಕಡ 35ರಷ್ಟು ಅಧಿಕ. ಹೃದ್ರೋಗದಿಂದ ಸಾಯುವ ಅಪಾಯ ಶೇಕಡ 17ರಷ್ಟು ಅಧಿಕ. ಊರಿನ ಮನೆಗೆ ಮಾಳಿಗೆ ಏರಿಸುವ ಆತುರದಲ್ಲಿ ಯಜಮಾನನೇ ಕುಸಿದರೆ ಆ ಮಾಳಿಗೆಯಿಂದ ಯಾರಿಗೆ ಸುಖ?

ನಾಲ್ಕು ಸಂಘಗಳ ನಂಟು

ಇನ್ನು ಎರಡನೆಯ ಹಕ್ಕುದಾರನಾದ ಸಮಾಜದ ವಿಚಾರ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿರುವ ಭಾರತೀಯರು 35 ಲಕ್ಷಕ್ಕೂ ಮಿಕ್ಕಿದ್ದಾರೆ. ಇಷ್ಟು ಜನವಿರುವಲ್ಲಿ ಸಂಘಗಳಿಗೆ ಕೊರತೆಯೆಲ್ಲಿ? ಅಬುಧಾಬಿ, ದುಬಾಯಿ, ಶಾರ್ಜಾಗಳಲ್ಲಿ ಕರ್ನಾಟಕ ಸಂಘಗಳಿವೆ. ದುಬಾಯಿಯಲ್ಲಿ 'ಕನ್ನಡ ಮಿತ್ರರು' ಬಳಗವು 2014ರಿಂದ ಮಕ್ಕಳಿಗೆ ಉಚಿತವಾಗಿ ಕನ್ನಡದ ಓದು ಬರಹ ಕಲಿಸುತ್ತಿದೆ. ಯಕ್ಷಗಾನದ ತರಬೇತಿಯೂ ಅಲ್ಲುಂಟು. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಸ್ಥಾಪಿಸಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ನೆಲದಿಂದ ಹೋದವರಿಗೆ ಚೆಂಡೆಯ ಸದ್ದು ಕೇಳಿದರೆ ಮನೆಯಲ್ಲಿ ಕೂರಲು ಸಾಧ್ಯವೇ?

ನಮ್ಮ ಸೀಮೆಯವರಿಗೆ ಇದರಲ್ಲೊಂದು ವಿಶೇಷ ತೊಡಕಿದೆ. ಕುಮಟೆಯ ಒಂದೇ ಬೀದಿಯಲ್ಲಿ ಕನ್ನಡ, ಕೊಂಕಣಿ, ಹವ್ಯಕರ ಮಾತು ಕೇಳಿಸಿದರೆ ಭಟ್ಕಳದಲ್ಲಿ ನವಾಯತಿಯೂ ಸೇರುತ್ತದೆ. ಆದ್ದರಿಂದ ಪರದೇಶದಲ್ಲಿ ಒಂದು ಕುಟುಂಬಕ್ಕೆ ನಾಡಿನ ಸಂಘವೊಂದು, ಭಾಷೆಯ ಸಂಘವೊಂದು, ಸಮಾಜದ ಸಂಘ ಅಥವಾ ಜಮಾತು ಒಂದು, ವಾಸವಿರುವ ಕಟ್ಟಡದವರ ಕೂಟವೊಂದು ಹೀಗೆ ನಾಲ್ಕು ಸದಸ್ಯತ್ವ ತಾನಾಗಿ ಬಂದುಬಿಡುತ್ತದೆ. ನಾಲ್ಕಕ್ಕೂ ಗಣೇಶನ ಹಬ್ಬವೋ ಈದಿನ ಕೂಟವೋ ರಾಜ್ಯೋತ್ಸವವೋ ವನಭೋಜನವೋ ಉಂಟು. ಪ್ರತಿಯೊಂದಕ್ಕೂ ಮುಂಚೆ ನಾಲ್ಕಾರು ವಾರಗಳ ತಾಲೀಮು ಉಂಟು.

ಇದನ್ನು ಹಗುರವಾಗಿ ಕಾಣುವುದು ಸರಿಯಲ್ಲ. 2020ರಲ್ಲಿ ಕೋವಿಡ್ ಪಿಡುಗು ಹಬ್ಬಿ ವಿಮಾನಗಳು ನಿಂತಾಗ, ಕೆಲಸ ಕಳೆದುಕೊಂಡವರಿಗೆ ದಿನಸಿ ಒದಗಿಸಿದವರು, ಗರ್ಭಿಣಿಯರನ್ನೂ ರೋಗಿಗಳನ್ನೂ ಊರಿಗೆ ಕಳಿಸಲು ವಿಶೇಷ ವಿಮಾನಗಳಿಗಾಗಿ ಓಡಾಡಿದವರು ಇಂಥ ಸಂಘಗಳ, ಜಮಾತುಗಳ ಜನರೇ. ಪರವೂರಿನಲ್ಲಿ ಸತ್ತವರ ದೇಹವನ್ನು ಮನೆಗೆ ತಲುಪಿಸುವ ಕಷ್ಟದ ಕೆಲಸಕ್ಕೆ ಹೆಗಲು ಕೊಡುವವರೂ ಅವರೇ. ಸಮಾಜವನ್ನು ಬಿಟ್ಟು ಬಾಳುತ್ತೇವೆಂಬ ದಂಪತಿಗಳು ಆಪತ್ಕಾಲದಲ್ಲಿ ಯಾರ ಬಾಗಿಲು ತಟ್ಟುತ್ತಾರೆ?

ತೊಡಕು ಇರುವುದು ಬೇರೆ ಕಡೆ. ಹಬ್ಬದ ದಿನ ಗಂಡನು ವೇದಿಕೆಯ ಮೇಲೆ ಮದ್ದಳೆ ಬಾರಿಸುತ್ತಾನೆ. ಅವನ ಮಟ್ಟಿಗೆ ವಾರದ ದಣಿವೆಲ್ಲ ಇಳಿದುಹೋಗುತ್ತದೆ. ಅದೇ ಹೊತ್ತಿನಲ್ಲಿ ಹೆಂಡತಿ ಐವತ್ತು ಜನಕ್ಕೆ ಪತ್ರೊಡೆ ಬೇಯಿಸಿ ತಂದು, ಬಡಿಸಿ, ಪಾತ್ರೆ ತೊಳೆದು, ನಿದ್ದೆಗೆ ಜಾರಿದ ಮಗುವನ್ನು ಹೆಗಲಿಗೇರಿಸಿಕೊಂಡು ಕಾರಿನ ಬಳಿ ಕಾಯುತ್ತಾಳೆ. ಒಬ್ಬರ ವಿಶ್ರಾಂತಿ ಇನ್ನೊಬ್ಬರ ದುಡಿಮೆಯಾಗಿದೆ. ಮನೆಗೆ ಮರಳುವಾಗ ಅವನು "ಇಂದು ಎಷ್ಟು ಹಿತವಾಯಿತು!" ಎಂದರೆ ಅವಳು ಏನೂ ಹೇಳದೆ ಕಿಟಕಿಯ ಹೊರಗೆ ನೋಡುತ್ತಾಳೆ. ಹಲವು ಮನೆಗಳ ಬಿರುಕು ಇಂಥ ಸಣ್ಣ ಮೌನದಿಂದಲೇ ಆರಂಭವಾಗುತ್ತದೆ.

ಇದು ಪರದೇಶದಲ್ಲಿ ಹುಟ್ಟಿದ ರೋಗವಲ್ಲ. ಇಲ್ಲಿಂದ ಪೆಟ್ಟಿಗೆಯಲ್ಲಿ ಒಯ್ದದ್ದು. 2019ರಲ್ಲಿ ಭಾರತ ಸರ್ಕಾರ ನಡೆಸಿದ ಕಾಲ ವಿನಿಯೋಗದ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕಳೆಯುತ್ತಾರೆಂದು ಕಂಡುಬಂದಿತು. 'ಉದ್ಯೋಗಂ ಪುರುಷ ಲಕ್ಷಣಂ' ಎಂದು ಹಿಂದಿನವರು ಹೇಳಿದರು. ಇಂದು ಉದ್ಯೋಗ ಇಬ್ಬರ ಲಕ್ಷಣವೂ ಆಗಿದೆ. ಸೌಟು ಮಾತ್ರ ಒಬ್ಬರ ಕೈಯಲ್ಲೇ ಉಳಿದಿದೆ. ಊರಿನಲ್ಲಾದರೆ ಅತ್ತೆ, ನಾದಿನಿ, ನೆರೆಮನೆಯವರು ಒಂದು ಕೈ ಕೊಡುತ್ತಿದ್ದರು. ಅಲ್ಲಿ ಆ ಕೈಗಳಿಲ್ಲ, ಕೆಲಸ ಮಾತ್ರ ಅಷ್ಟೇ ಇದೆ.

ಕೂಡಿಟ್ಟ ರಜೆ

ವರ್ಷಕ್ಕೆ 30 ದಿನಗಳ ರಜೆಯುಂಟಲ್ಲ, ಅದರಲ್ಲಿ ದಣಿವಾರಿಸಿಕೊಳ್ಳಬಾರದೇ ಎಂದು ವಾಚಕರು ಕೇಳಬಹುದು. ಆ 30 ದಿನಗಳ ಗತಿಯನ್ನು ನೋಡೋಣ.

ಕೊಲ್ಲಿಯ ಶಾಲೆಗಳಿಗೆ ಬೇಸಗೆಯ ರಜೆ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ. ಮಕ್ಕಳಿರುವ ಕುಟುಂಬಗಳು ಊರಿಗೆ ಬರುವುದು ಆಗಲೇ, ಅಂದರೆ ಸರಿಯಾಗಿ ನಮ್ಮ ಮಳೆಗಾಲದಲ್ಲಿ. ಕಡಲು ಮುಚ್ಚಿ, ದೋಣಿ ದಡವೇರಿ, ಕರಾವಳಿಯೆಲ್ಲ ಉಸಿರು ಬಿಡುವ ಕಾಲಕ್ಕೆ ಇವರು ಏರಿದ ದರದ ಟಿಕೀಟು ಕೊಂಡು ಮಂಗಳೂರಿನಲ್ಲೋ ಗೋವೆಯಲ್ಲೋ ಇಳಿಯುತ್ತಾರೆ. ಇಳಿದ ಮರುದಿನದಿಂದಲೇ ಓಡಾಟ. ಮೊದಲ ವಾರ ತಾಲೂಕು ಕಚೇರಿ, ಬ್ಯಾಂಕು. ಎರಡನೆಯ ವಾರ ಗಂಡನ ಕಡೆಯ ನೆಂಟರು. ಮೂರನೆಯ ವಾರ ಹೆಂಡತಿಯ ತವರು. ನಾಲ್ಕನೆಯ ವಾರ ತಂದೆ ತಾಯಿಯರ ಕಣ್ಣಿನ ಪೊರೆ, ಮೊಣಕಾಲು ನೋವುಗಳ ತಪಾಸಣೆ. ಕಡೆಯ ದಿನ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲಗಳನ್ನು ಪೆಟ್ಟಿಗೆಗೆ ತುಂಬಿ ತೂಕ ನೋಡುವಷ್ಟರಲ್ಲಿ ರಜೆ ಮುಗಿದಿರುತ್ತದೆ. ಮರಳಿದವರು ಸಹೋದ್ಯೋಗಿಗಳೊಡನೆ, "ರಜೆಯ ದಣಿವು ಆರಲು ಇನ್ನೊಂದು ರಜೆ ಬೇಕು" ಎಂದು ನಗುತ್ತಾರೆ.

ಕೆಲವರಂತೂ ಈ ರಜೆಯನ್ನೂ ಪೂರ್ತಿ ಬಳಸುವುದಿಲ್ಲ, ಆಪತ್ತಿಗಿರಲೆಂದು ಕೂಡಿಡುತ್ತಾರೆ. ಅವರ ಭಯ ನಿರಾಧಾರವಲ್ಲ. ಉತ್ತರ ಕನ್ನಡದ ಕರಾವಳಿಯಲ್ಲಿ ಹೃದಯಾಘಾತವಾದರೆ, ತಲೆಗೆ ಪೆಟ್ಟಾದರೆ, ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವೆಗೋ ಓಡುವುದು ಜನರ ಪಾಡಾಗಿ ಬಂದಿದೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿಯೂ, ಹೊನ್ನಾವರದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ನಾಕೆಯಲ್ಲಿ ಅಪಘಾತಕ್ಕೀಡಾದ 2022ರಲ್ಲಿಯೂ ಜನರು ದನಿಯೆತ್ತಿದರು. ದೂರದೇಶದಲ್ಲಿದ್ದವರು ಕೂಡ ಆ ಕೂಗಿಗೆ ದನಿಗೂಡಿಸಿದರು. ಊರಿನ ಒಂದು ಕೊರತೆ ಸಾವಿರಾರು ಮೈಲು ದೂರದ ದಂಪತಿಗಳ ನಿದ್ದೆಯನ್ನು ಕೆಡಿಸುವುದು ಹೀಗೆ. ಆಯಿಗೆ ಏನಾದರೂ ಆದರೆ ಓಡಬೇಕಲ್ಲ ಎಂದು ಉಳಿಸಿದ ಹತ್ತು ದಿನಗಳು ಅವರ ಸ್ವಂತ ಬಾಳಿನಿಂದ ಕಿತ್ತ ಹತ್ತು ದಿನಗಳೇ ಆಗಿರುತ್ತವೆ.

ಫೋನಿನ ಮಾತೂ ಇಂಥದೇ. ದುಬಾಯಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಕುಮಟೆಯಲ್ಲಿ ರಾತ್ರಿ ಎಂಟೂವರೆಗೆ ಊಟ ಮುಗಿಸಿ ತಾಯಿ, "ಊಟ ಆತನೋ ತಮಾ?" ಎಂದು ಕೇಳುವಾಗ ಅಲ್ಲಿ ಏಳು ಗಂಟೆ, ತಮ್ಮ ಇನ್ನೂ ವಾಹನಗಳ ಸಾಲಿನಲ್ಲಿದ್ದಾನೆ. "ಆತು ಆಯಿ" ಎಂದು ಸುಳ್ಳು ಹೇಳುತ್ತಾನೆ. ಪ್ರೀತಿಯ ಕರೆಯೊಂದು ದಿನದ ಕಡೆಯ ಕೆಲಸವಾಗಿ ಬದಲಾಗುವುದು ಇಬ್ಬರಲ್ಲಿ ಯಾರ ತಪ್ಪೂ ಅಲ್ಲ. ಹೊತ್ತು ಗೊತ್ತುಮಾಡಿಕೊಳ್ಳದ್ದರ ಫಲ.

ಬೇರೆ ದೇಶಗಳ ಬೇರೆ ಕಷ್ಟ

ಕೊಲ್ಲಿಯನ್ನು ಬಿಟ್ಟು ಇನ್ನೂ ದೂರ ಹೋದವರ ಸ್ಥಿತಿಯನ್ನೂ ಕಿಂಚಿತ್ ನೋಡಬಹುದು. ಅಮೆರಿಕದಲ್ಲಿ ಖಾಸಗಿ ಸಂಸ್ಥೆಗಳು ಸಂಬಳ ಸಹಿತ ವಾರ್ಷಿಕ ರಜೆ ಕೊಡಲೇಬೇಕೆಂಬ ರಾಷ್ಟ್ರೀಯ ಕಾನೂನೇ ಇಲ್ಲ. ಅಲ್ಲಿಗೆ ಗಂಡನ ಹಿಂದೆ ಎಚ್-4 ವೀಸಾದ ಮೇಲೆ ಹೋದ ಹೆಂಡತಿಯರಿಗೆ 2015ರವರೆಗೆ ದುಡಿಯುವ ಅಧಿಕಾರವಿರಲಿಲ್ಲ. ಆ ವರ್ಷ ಬಂದ ನಿಯಮವೂ ಹಸಿರು ಚೀಟಿಯ ಹಾದಿಯಲ್ಲಿರುವ ಕೆಲವರಿಗಷ್ಟೇ ಅನ್ವಯಿಸಿತು. ಇಂಜಿನಿಯರಿಂಗ್ ಓದಿದ ಹುಡುಗಿ ನಾಲ್ಕು ಗೋಡೆಗಳ ನಡುವೆ ಕುಳಿತಿರುವುದನ್ನು ವಿಶ್ರಾಂತಿಯೆಂದು ಕರೆಯಲಾದೀತೇ? ಗಂಡನಿಗೆ ಬಿಡುವಿಲ್ಲದ ಕೆಲಸ, ಹೆಂಡತಿಗೆ ಕೆಲಸವಿಲ್ಲದ ಬಿಡುವು. ಎರಡೂ ಒಂದೇ ಮನೆಯಲ್ಲಿ ಸೇರಿದರೆ ಮಾತಿಗೆ ಮಾತು ಬೆಳೆಯುವುದು ಸಹಜ.

ಯುರೋಪಿನ ಒಕ್ಕೂಟದಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ವರ್ಷಕ್ಕೆ ಕನಿಷ್ಠ ನಾಲ್ಕು ವಾರಗಳ ಸಂಬಳ ಸಹಿತ ರಜೆ ಅಲ್ಲಿಯ ಕೆಲಸಗಾರನ ಹಕ್ಕು. ಜರ್ಮನಿಯಲ್ಲಂತೂ ಭಾನುವಾರದ ವಿಶ್ರಾಂತಿಗೆ ಸಂವಿಧಾನದ ರಕ್ಷಣೆಯೇ ಇದೆ. ಅಂದು ಬಹುತೇಕ ಅಂಗಡಿಗಳು ತೆರೆಯುವುದಿಲ್ಲ. ಹೊಸದಾಗಿ ಹೋದ ನಮ್ಮವರಿಗೆ ಮೊದಲು ಇದು ಕಿರಿಕಿರಿಯೆನಿಸಬಹುದು. ಆದರೆ ಮುಚ್ಚಿದ ಬೀದಿಯಲ್ಲಿ ಗಂಡ ಹೆಂಡಿರು ಅಡ್ಡಾಡಿ ಬರುವ ರೂಢಿ ಬೆಳೆದಂತೆ ಅದರ ಸೊಗಸು ತಿಳಿಯುತ್ತದೆ. ಬಂದರು ಮುಚ್ಚುವ ನಾಡಿನವರಿಗೆ ಅದು ತೀರ ಅಪರಿಚಿತವೂ ಅಲ್ಲ!

ಇಬ್ಬರೂ ಕೂಡಿ ಹಾಕಿಕೊಳ್ಳುವ ಕಟ್ಟಳೆ

ಹಾಗಾದರೆ ಮಾಡುವುದೇನು? ದೇಶದ ಕಾನೂನನ್ನು ಪರದೇಶಿಗಳಾದ ದಂಪತಿಗಳು ತಿದ್ದಲಾರರು. ಮನೆಯ ಕಾನೂನನ್ನು ತಿದ್ದಬಲ್ಲರು. ಪ್ರಕೃತಿ ಇಲ್ಲಿ ಎಲ್ಲರ ಪರವಾಗಿ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಇಬ್ಬರೇ ಕುಳಿತು ಮಾಡಿಕೊಳ್ಳಬೇಕಾಗಿದೆ.

ತಿಂಗಳ ಆರಂಭದಲ್ಲಿ ಇಬ್ಬರ ಪಾಳಿಯ ಪಟ್ಟಿಗಳನ್ನೂ ಎದುರಿಗಿಟ್ಟುಕೊಂಡು, ಇಬ್ಬರಿಗೂ ಬಿಡುವಿರುವ ದಿನಗಳನ್ನು ಮೊದಲು ಗುರುತಿಸಬೇಕು. ಅಂಥ ದಿನ ತಿಂಗಳಿಗೆ ಎರಡೇ ದೊರೆತರೂ ಅವೆರಡೂ ಮುಚ್ಚಿದ ಬಂದರುಗಳು. ಆಮಂತ್ರಣ ಬಂದರೆ "ಅಂದು ನಮಗೆ ಬೇರೆ ಕಾರ್ಯವಿದೆ" ಎಂದು ವಿನಯದಿಂದ ಹೇಳಬಹುದು, ಅದು ಸುಳ್ಳಲ್ಲ.

ನಾಲ್ಕು ಸಂಘಗಳಲ್ಲಿ ಒಂದಕ್ಕೆ ಮೈಮುರಿದು ದುಡಿಯಲಿ. ಉಳಿದ ಮೂರಕ್ಕೆ ವರ್ಗಣಿ ಕೊಟ್ಟು ನಮಸ್ಕರಿಸಲಿ. ಯಾವ ಸಂಘವೆಂಬುದನ್ನು ಗಂಡನೊಬ್ಬನೇ ಆರಿಸಬಾರದು. ಹಬ್ಬದ ಅಡಿಗೆಯನ್ನು ಮನೆಗೊಂದು ಪದಾರ್ಥದಂತೆ ಹಂಚಲಿ, ಬಡಿಸುವ ಮತ್ತು ತೊಳೆಯುವ ಸರದಿಯಲ್ಲಿ ಗಂಡಸರ ಹೆಸರೂ ಇರಲಿ. ಸಂಘದ ಪದಾಧಿಕಾರಿಗಳು ಮನಸ್ಸು ಮಾಡಿದರೆ ಒಂದೇ ಸಭೆಯಲ್ಲಿ ಇದನ್ನು ಗೊತ್ತುಮಾಡಬಹುದು. ಖರ್ಚು ಕಾಸಿನದೂ ಇಲ್ಲ.

ವಾರ್ಷಿಕ ರಜೆಯ 30 ದಿನಗಳಲ್ಲಿ ಐದು ದಿನಗಳನ್ನಾದರೂ ಗಂಡ ಹೆಂಡಿರು ತಮಗಾಗಿ ತೆಗೆದಿಡಲಿ. ಗೋಕರ್ಣದ ಕಡಲದಂಡೆಯಲ್ಲಿರಲಿ, ಯಾಣದ ಬಂಡೆಗಳ ನೆರಳಿನಲ್ಲಿರಲಿ, ಮಳೆ ಸುರಿಯುವ ಸ್ವಂತ ಮನೆಯ ಜಗಲಿಯಲ್ಲಿಯೇ ಇರಲಿ. ಅಂದು ಯಾರ ಮನೆಗೂ ಹೋಗುವುದಿಲ್ಲವೆಂದು ನಿಶ್ಚಯವಿದ್ದರೆ ಸಾಕು. ಆಪತ್ತಿನ ಭಯಕ್ಕೆ ರಜೆ ಕೂಡಿಡುವುದಕ್ಕಿಂತ, ಊರಿನಲ್ಲಿರುವ ಸೋದರರೊಡನೆಯೋ ನೆರೆಯವರೊಡನೆಯೋ ಕುಳಿತು, ಯಾವ ಆಸ್ಪತ್ರೆ, ಯಾವ ವಾಹನ, ಹಣ ಯಾರ ಕೈಯಲ್ಲಿ, ಮೊದಲ ದಿನ ಯಾರು ಜೊತೆಗಿರುವುದು ಎಂಬುದನ್ನು ಮೊದಲೇ ಗೊತ್ತುಮಾಡಿಡುವುದು ಮೇಲು. ಹೃದಯಾಘಾತವಾದವರಿಗೆ ಮೊದಲ ಒಂದೆರಡು ಗಂಟೆಗಳೇ ನಿರ್ಣಾಯಕ. ದುಬಾಯಿಯಿಂದ ಹೊರಟ ಮಗ ಎಷ್ಟು ಬೇಗ ಬಂದರೂ ಆ ಗಂಟೆಗಳಲ್ಲಿ ಪಕ್ಕದ ಮನೆಯವನಷ್ಟು ಉಪಯೋಗಕ್ಕೆ ಬಾರನು.

ಕಡೆಯದಾಗಿ ಊರಿನಲ್ಲಿರುವ ತಂದೆ ತಾಯಿಯರಿಗೆ ಒಂದು ಮಾತು. ಮಕ್ಕಳು ಬಂದಾಗ ಅವರನ್ನು ಮನೆಮನೆಗೆ ಕರೆದೊಯ್ಯುವ ಆಸೆ ಸಹಜವಾದುದೇ. ಆದರೆ ಬಂದ ಮೊದಲ ಎರಡು ದಿನ ಅವರನ್ನು ಏನೂ ಕೇಳದೆ ಮಲಗಲು ಬಿಡಿ. ಸೊಸೆ ಬೆಳಗ್ಗೆ ಒಂಬತ್ತಕ್ಕೆ ಎದ್ದರೆ ಅದನ್ನು ನೆರೆಮನೆಗೆ ವರದಿ ಮಾಡಬೇಡಿ. ಅವಳು ಎಷ್ಟು ರಾತ್ರಿಗಳ ಪಾಳಿಯನ್ನು ಕಳೆದು ಬಂದಿದ್ದಾಳೆಂಬುದು ನಿಮಗೆ ತಿಳಿದಿರಲಾರದು. ಮುಂದಿನ ವರ್ಷದ ಪಟ್ಟಿಯಲ್ಲಿ ಅವರು ತಮಗಾಗಿ ಐದು ದಿನ ಕೇಳಿದರೆ "ನಮ್ಮ ಮೇಲೆ ಪ್ರೀತಿ ಕಡಿಮೆಯಾಯಿತು" ಎನ್ನದಿರಿ. ಮಳೆಗಾಲದಲ್ಲಿ ದೋಣಿ ದಡಕ್ಕೆ ಬಂದುದನ್ನು ಕಂಡು ಕಡಲಿಗೆ ಯಾರೂ ಹಾಗೆ ಹೇಳಿದ್ದಿಲ್ಲ.